ಕೆಂಡಕ್ಕೆ ಯಾವ ಸೌದೆ? ಕೊಡಗಿನ ಅಂಗಳದ ಗ್ರಿಲ್‌ಗೆ ಒಂದು ಹೋಲಿಕೆ

ಪ್ರತಿ ವರ್ಷ ಮಾರ್ಚ್ ಬಂತೆಂದರೆ ನಮ್ಮ ತೋಟದಲ್ಲಿ ಒಂದು ಬೇಸರದ ಕೆಲಸ ಇರುತ್ತದೆ. ಬಿಳಿ ಕಾಂಡಕೊರಕ ಹುಳು ಹೊಕ್ಕ ಅರೇಬಿಕಾ ಕಾಫಿ ಗಿಡಗಳನ್ನು ಹುಡುಕಿ ಕೀಳುವ ಕೆಲಸ. ಎಲೆ ಹಳದಿಯಾಗಿ ಬಾಡಿ, ಕಾಂಡದ ಮೇಲೆ ಅಲ್ಲಲ್ಲಿ ಏಣು ಎದ್ದಿದ್ದರೆ ಆ ಗಿಡ ಇನ್ನು ಉಳಿಯುವುದಿಲ್ಲ. ಇಪ್ಪತ್ತು ವರ್ಷ ಸಾಕಿದ ಗಿಡ ಬುಡಸಮೇತ ದಾರಿ ಬದಿಗೆ ಬಂದು ಬೀಳುತ್ತದೆ. ಒಂದು ವರ್ಷ ಆ ರಾಶಿಯ ಮುಂದೆ ನಿಂತಾಗಲೇ ನನಗೆ ಹೊಳೆದದ್ದು. ಇಷ್ಟು ಗಟ್ಟಿ ಸೌದೆ ತೋಟದಲ್ಲೇ ಬಿದ್ದಿರುವಾಗ ನಾನು ಪೇಟೆಯಿಂದ ಎಲ್ಲಿಯದೋ ಇದ್ದಿಲಿನ ಮೂಟೆ ಹೊತ್ತು ತರುತ್ತಿದ್ದೆ.

ಈಗ ಹೋಂಸ್ಟೇಗಳಲ್ಲೂ ಮನೆಗಳಲ್ಲೂ ಅಂಗಳದ ಗ್ರಿಲ್ ಮಾಮೂಲಾಗಿದೆ. ನೆಂಟರು ಬಂದರೆ ಹಂದಿಮಾಂಸಕ್ಕೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಕರಿಮೆಣಸು, ಉಪ್ಪು ಹಚ್ಚಿಟ್ಟು ಸಂಜೆ ಕೆಂಡದ ಮೇಲೆ ಸುಡುತ್ತೇವೆ. ಆಗ ಯಾರಾದರೂ ಕೇಳೇ ಕೇಳುತ್ತಾರೆ, "ಗ್ರಿಲ್‌ಗೆ ಯಾವ ಮರ ಒಳ್ಳೇದು?" ನಾನು ಹೇಳುವುದು ಇಷ್ಟು: ಮೊದಲು ಮರ ಎಲ್ಲಿಂದ ಬಂತು ಅಂತ ನೋಡಿ, ಆಮೇಲೆ ಒಣಗಿದೆಯಾ ನೋಡಿ, ಜಾತಿ ಯಾವುದು ಅನ್ನುವುದು ಕೊನೆಗೆ. ಹೇಗಿದ್ದರೂ ಕಡಿಯಲೇಬೇಕಾದ ಗಿಡ, ಕಡಿದ ಮೇಲೆ ಮತ್ತೆ ಚಿಗುರುವ ಕೊಂಬೆ, ಕಿತ್ತ ಜಾಗದಲ್ಲಿ ಮತ್ತೆ ನೆಡುವ ಬೆಳೆ – ಇವುಗಳ ಸೌದೆ ಸುಟ್ಟರೆ ಕಾಡಿಗೆ ನಷ್ಟವಿಲ್ಲ. ಒಂದು ಸಂಜೆಯ ಊಟಕ್ಕೆ ನಿಂತ ಮರ ಕಡಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಗಟ್ಟಿ ಮರ ಅಂದರೆ ಯಾವುದು

ಪೈನ್‌ನಂಥ ಸೂಜಿ ಎಲೆಯ ಮರಗಳಲ್ಲಿ ರಾಳ ಜಾಸ್ತಿ. ಸುಟ್ಟರೆ ಕಪ್ಪು ಮಸಿ ಏಳುತ್ತದೆ, ಮಾಂಸ ಕಹಿಯಾಗುತ್ತದೆ. ಅದಕ್ಕೇ ಗ್ರಿಲ್‌ಗೆ ಅಗಲ ಎಲೆಯ ಮರ ಬೇಕು ಅನ್ನುವುದು. ಹಾಗಂತ ಅಗಲ ಎಲೆಯ ಮರವೆಲ್ಲ ಗಟ್ಟಿ ಅಂತಲ್ಲ. ನಮ್ಮ ಹಾಲವಾಣವನ್ನೇ ನೋಡಿ. ತೋಟಕ್ಕೆ ಒಳ್ಳೆ ನೆರಳು, ಮಣ್ಣಿಗೂ ಒಳ್ಳೇದು. ಒಲೆಗೆ ಹಾಕಿದರೆ ಬೆಂಡಿನ ಹಾಗೆ ಉರಿದು ಹೋಗುತ್ತದೆ, ಕೆಂಡವೇ ಉಳಿಯುವುದಿಲ್ಲ.

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಚೆನ್ನಾಗಿ ಒಣಗಿದ ಮರ ಯಾವ ಜಾತಿಯದಾದರೂ ಒಂದು ಕಿಲೋಗೆ ಕೊಡುವ ಶಾಖ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಸಾಂದ್ರತೆಯಲ್ಲಿ. ಗಟ್ಟಿ ಮರದ ಒಂದು ಸಣ್ಣ ತುಂಡಿನಲ್ಲಿ ಜಾಸ್ತಿ ತೂಕ ಇರುತ್ತದೆ. ಹಾಗಾಗಿ ಗ್ರಿಲ್‌ನ ಸಣ್ಣ ಜಾಗದಲ್ಲಿ ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ. ನಮಗೆ ಬೇಕಾಗಿರುವುದೂ ಅದೇ ಅಲ್ವಾ? ಮಾಂಸ ಬೇಯುವುದು ಕೆಂಡದ ಕಾವಿಗೆ. ಉರಿ ತಾಗಿದರೆ ಹೊರಗೆ ಕರಕಲು, ಒಳಗೆ ಹಸಿ.

ಕಾಫಿ ಗಿಡ: ನನ್ನ ಮೊದಲ ಆಯ್ಕೆ

ಕಾಫಿ ಸೌದೆಯ ಒಂದು ತುಂಡು ಕೈಯಲ್ಲಿ ಹಿಡಿದು ನೋಡಿ. ಮಣಿಕಟ್ಟಿನಷ್ಟು ದಪ್ಪ, ಅಲ್ಲಲ್ಲಿ ಗೆಣ್ಣು, ಸಿಪ್ಪೆ ಕೆರೆದರೆ ಬಿಳಿಚಿದ ಹಳದಿ ಬಣ್ಣ. ಗಾತ್ರಕ್ಕಿಂತ ತೂಕ ಜಾಸ್ತಿ ಅನಿಸುತ್ತದೆ. ಕೊಯ್ದ ಮುಖ ಎಷ್ಟು ನುಣುಪಾಗಿರುತ್ತದೆ ಅಂದರೆ ಎಳೆ ಕಾಣಲು ಕಣ್ಣಿನ ಹತ್ತಿರ ತರಬೇಕು. ಒಣಗಿದ ಮೇಲೆ ಇದು ನಿಧಾನಕ್ಕೆ ಹತ್ತಿಕೊಳ್ಳುತ್ತದೆ, ಸಿಡಿಯುವುದು ಕಡಿಮೆ, ಬೆರಳುದ್ದದ ಗಟ್ಟಿ ಕೆಂಡಗಳಾಗಿ ಒಡೆಯುತ್ತದೆ. ಹೊಗೆ ತೆಳು. ಸುಟ್ಟರೆ ಕಾಫಿ ಪರಿಮಳ ಬರುತ್ತದಾ ಅಂತ ಬೆಂಗಳೂರಿನವರು ಕೇಳುತ್ತಾರೆ. ಬರುವುದಿಲ್ಲ. ಆ ಪರಿಮಳ ಹುರಿದ ಬೀಜದ್ದು, ಮರದ್ದಲ್ಲ.

ಈ ಸೌದೆಯ ದೊಡ್ಡ ಅನುಕೂಲ ಅದು ಸಿಗುವ ಕಾಲ. ಕೊಯ್ಲು ಮುಗಿದ ಮೇಲೆ ಗಿಡ ಕಪಾತು (ಕೊಂಬೆ ಸವರುವುದು), ಹಳೇ ಗಿಡ ಕೀಳುವುದು ಎಲ್ಲ ನಡೆಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಡಿದದ್ದಕ್ಕೆ ಮಳೆ ಹಿಡಿಯುವ ಮುಂಚೆ ಎರಡು ಮೂರು ತಿಂಗಳ ಬಿಸಿಲು ಸಿಗುತ್ತದೆ. ತೆಳು ಸೌದೆಗೆ ಅಷ್ಟು ಬಿಸಿಲು ಬಿದ್ದರೆ ಅರ್ಧ ಕೆಲಸ ಮುಗಿಯಿತು.

ಆದರೆ ಎರಡು ಎಚ್ಚರಿಕೆ. ಕೊರಕ ಹೊಕ್ಕ ಗಿಡವನ್ನು ಕಿತ್ತು ಸುಮ್ನೆ ರಾಶಿ ಹಾಕಿ ಇಡಬಾರದು. ಕಾಂಡವನ್ನು ಸೀಳಿದರೆ ಒಳಗೆ ಪುಡಿ ತುಂಬಿದ ಸುರಂಗ ಕಾಣುತ್ತದೆ, ಅದರೊಳಗೆ ಬಿಳಿ ಹುಳು ಇರುತ್ತದೆ. ಕಿತ್ತ ಮೇಲೂ ಆ ಹುಳು ಸೌದೆಯೊಳಗೇ ಬೆಳೆದು, ಏಪ್ರಿಲ್–ಮೇನಲ್ಲಿ ದುಂಬಿಯಾಗಿ ಹಾರಿ, ಪಕ್ಕದ ಗಿಡಕ್ಕೆ ಮೊಟ್ಟೆ ಇಡುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸಲ ಹಾರಾಟ. ಹುಳು ಇರುವ ಭಾಗವನ್ನು ಕಿತ್ತ ತಕ್ಷಣ ಸುಡಬೇಕು. ಸೌದೆಗೆ ಬೇಕೇ ಬೇಕು ಅಂದರೆ ವಾರ, ಹತ್ತು ದಿನ ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಒಣಗಿಸಬೇಕು. ಗ್ರಿಲ್ ಆಸೆಗೆ ತೋಟ ಕಳೆದುಕೊಳ್ಳುವ ಹಾಗಾಗಬಾರದು.

ಎರಡನೆಯದು ಔಷಧ. ಅರೇಬಿಕಾ ಕಾಂಡಕ್ಕೆ ಕೊರಕದ ಔಷಧ ಹೊಡೆಯುವ ತೋಟಗಳಿವೆ. ಅಂಥ ಕಾಂಡ ಊಟ ಬೇಯಿಸಲು ಬೇಡ. ನಾವು ಕಾಂಡಕ್ಕೆ ಸುಣ್ಣ ಮಾತ್ರ ಬಳಿಯುತ್ತೇವೆ. ಆದರೂ ಗ್ರಿಲ್‌ಗೆ ತೆಗೆದಿಡುವಾಗ ಕತ್ತಿಯಿಂದ ಸಿಪ್ಪೆ ಕೆರೆದು ತೆಗೆಯುತ್ತೇವೆ. ಇನ್ನೊಂದು ಕಾಫಿ ಜಾತಿಯಾದ ರೊಬಸ್ಟಾಕ್ಕೆ ಈ ಕೊರಕದ ಕಾಟ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಎರಡೂ ಇರುವ ತೋಟದವರು ರೊಬಸ್ಟಾದ ದಪ್ಪ ಕೊಂಬೆಗಳನ್ನು ಗ್ರಿಲ್‌ಗೆ ಎತ್ತಿಡಿ. ಅರೇಬಿಕಾದ ಬುಡಗಳು ಹುಳು ಸಾಯಿಸಿ ಒಣಗಿಸಿದ ಮೇಲೆ ಬಚ್ಚಲ ಒಲೆಗೆ ಇರಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಲೈನ್ ಮನೆಗಳಲ್ಲಿ (ತೋಟದ ಕೆಲಸದವರ ಸಾಲುಮನೆ) ಇರುವವರಿಗೆ ಇದೇ ಕಪಾತಿನ ಸೌದೆಯೇ ದಿನದ ಅಡುಗೆಗೆ ಆಧಾರ. ತಲೆಹೊರೆ ಕಟ್ಟಿ ತೆಗೆದುಕೊಂಡು ಹೋಗುತ್ತಾರೆ. ನಮ್ಮಲ್ಲಿ ಅವರ ಪಾಲು ಹೋದ ಮೇಲೆ ಉಳಿದದ್ದು ಗ್ರಿಲ್‌ಗೆ. ನಾವು ನಾಲ್ಕು ಸಂಜೆ ಮಾಂಸ ಸುಡಲು ಅವರ ವರ್ಷದ ಸೌದೆ ಕಸಿದುಕೊಂಡರೆ ಅವರು ಕಾಡಿನ ಅಂಚಿಗೆ ಹೋಗಬೇಕಾಗುತ್ತದೆ. ಅಲ್ಲಿ ಆನೆ ಇದೆ. ಹೋಂಸ್ಟೇ ನಡೆಸುವವರು ಇದನ್ನು ದಯವಿಟ್ಟು ಗಮನಿಸಿ.

ಸಿಲ್ವರ್ ಓಕ್: ಸಿಗುವುದು ಸುಲಭ, ಕಾಯಬೇಕು

ಹೆಸರಲ್ಲಿ ಓಕ್ ಇದೆ, ಅಷ್ಟೇ. ಇದು ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಜಾತಿ. ಹೊರದೇಶದ ಅಡುಗೆ ವಿಡಿಯೋದಲ್ಲಿ ಓಕ್ ಹೊಗೆ ಕೊಡಿ ಅಂದದ್ದಕ್ಕೆ ಸಿಲ್ವರ್ ಓಕ್ ಚಕ್ಕೆ ಹಾಕಿದವರನ್ನು ನೋಡಿದ್ದೇನೆ. ಆ ರುಚಿ ಬರುವುದಿಲ್ಲ. ಇದರ ಹುಡಿ ತಾಗಿದರೆ ಕೆಲವರ ಚರ್ಮಕ್ಕೆ ತುರಿಕೆಯೂ ಬರುತ್ತದೆ. ಹೊಗೆಯ ರುಚಿಗೆ ಇದನ್ನು ಬಳಸಬೇಡಿ. ಪೂರ್ತಿ ಉರಿದು ಕೆಂಡವಾದ ಮೇಲೆ ಅಡ್ಡಿಯಿಲ್ಲ.

ಕಾಫಿಗಿಂತ ಇದು ಹಗುರ. ಬೇಗ ಹತ್ತಿಕೊಳ್ಳುತ್ತದೆ, ಬೇಗ ಬೂದಿಯಾಗುತ್ತದೆ. ನಾನು ಬೆಂಕಿ ಎಬ್ಬಿಸಲು ಸಿಲ್ವರ್ ಓಕ್ ಸೀಳು, ಮೇಲೆ ಕಾಫಿ ಸೌದೆ ಹಾಕುತ್ತೇನೆ. ಈ ಜೋಡಿ ಚೆನ್ನಾಗಿ ಹೊಂದುತ್ತದೆ.

ತೊಂದರೆ ಇರುವುದು ಕಾಲದ ಲೆಕ್ಕದಲ್ಲಿ. ಮರ ಕಪಾತು ನಡೆಯುವುದು ಮಳೆಗೆ ಮುಂಚೆ, ಮೇ ಹೊತ್ತಿಗೆ. ಕೊಂಬೆ ಕೆಳಗೆ ಬಿದ್ದು ಹದಿನೈದು ದಿನಕ್ಕೆ ಮಳೆ ಶುರು. ಆಮೇಲೆ ಸೆಪ್ಟೆಂಬರ್‌ವರೆಗೆ ಕೊಡಗಿನ ಗಾಳಿಯಲ್ಲಿ ಏನೂ ಒಣಗುವುದಿಲ್ಲ. ಈ ಮೇನಲ್ಲಿ ಕಡಿದದ್ದು ಗ್ರಿಲ್‌ಗೆ ಬರುವುದು ಮುಂದಿನ ಫೆಬ್ರವರಿಗೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಲ್ಲಿ ಕಡಿಯುವ ಅನುಮತಿಯಿಂದ ವಿನಾಯಿತಿ ಇರುವ ಮರಗಳಲ್ಲಿ ಸಿಲ್ವರ್ ಓಕ್ ಒಂದು. ಸೌದೆಗೆ ಇದು ಅನುಕೂಲವೇ. ಆದರೆ ಇದೇ ಅನುಕೂಲಕ್ಕಾಗಿ ಎಷ್ಟೋ ತೋಟಗಳಲ್ಲಿ ನೇರಳೆ, ಅತ್ತಿ, ಬಳಂಜಿಯಂಥ ಮರಗಳು ಹೋಗಿ ಸಾಲುಸಾಲು ಸಿಲ್ವರ್ ಓಕ್ ಬಂದು ನಿಂತಿದೆ. ಕರಿಮೆಣಸು ಬಳ್ಳಿ ಹಬ್ಬಿಸಲು ನೇರ ಮರ, ಬೇಗ ಬೆಳೆಯುತ್ತದೆ, ಬೇಕಾದಾಗ ಮಾರಬಹುದು. ಬೆಳೆಗಾರರ ಕಷ್ಟ ನನಗೆ ಗೊತ್ತು, ನಾನೂ ಒಬ್ಬ. ಆದರೂ ಇರುವ ಸಿಲ್ವರ್ ಓಕ್‌ನ ಕೊಂಬೆ ಸುಡುವುದು ಬೇರೆ, ಸೌದೆಗೂ ಆಯ್ತು ಅಂತ ಹಳೇ ಅತ್ತಿ ಮರ ಕಡಿದು ಆ ಜಾಗಕ್ಕೆ ಅದನ್ನು ನೆಡುವುದು ಬೇರೆ.

ಪ್ಲೈವುಡ್ ಕಾರ್ಖಾನೆಯಿಂದ ಬರುವ ಚೂರುಗಳು ಅಗ್ಗಕ್ಕೆ ಸಿಗುತ್ತವೆ. ಅಂಟು ತಾಗಿದ ಚೂರು ಒಂದಿದ್ದರೂ ಬೇಡ.

ಹಣ್ಣಿನ ಮರಗಳು

ಹೊಗೆಯ ರುಚಿ ಬೇಕಾದವರಿಗೆ ಹಣ್ಣಿನ ಮರ. ಸೀಬೆ ಗಟ್ಟಿ, ಕೆಂಡವೂ ಒಳ್ಳೇದು, ಹೊಗೆ ಸಿಹಿ. ಕಿತ್ತಳೆ ಇನ್ನೂ ಚೆನ್ನ. ಕೊಡಗಿನ ಕಿತ್ತಳೆ ರೋಗಕ್ಕೆ ಸಿಕ್ಕಿ ಎಷ್ಟೋ ತೋಟಗಳಲ್ಲಿ ಒಣಗಿ ಹೋಗಿದೆ. ಕಿತ್ತ ಮರಗಳ ಕೊಂಬೆ ಇದ್ದರೆ ಬಿಸಾಡಬೇಡಿ. ನಾಲ್ಕು ತುಂಡು ಕೆಂಡದ ಮೇಲೆ ಇಟ್ಟರೆ ಸಾಕು, ಕೋಳಿಗೆ ಬೇರೆಯೇ ಸೊಗಸು ಬರುತ್ತದೆ. ಮಾವು ಮಧ್ಯಮ. ಹಲಸಿನ ಕೊಂಬೆ ಸೀಳಿ ವರ್ಷ ಒಣಗಿಸಿದರೆ ಆಗುತ್ತದೆ, ಹಸಿಯಿದ್ದರೆ ಅಂಟು ಕಾಟ. ಹಲಸಿನ ಬೊಡ್ಡೆ ಮಾತ್ರ ಒಲೆಗೆ ಹಾಕುವ ವಸ್ತುವಲ್ಲ, ಬಾಗಿಲು ಕಿಟಕಿಗೆ ಇರಲಿ.

ಇದ್ದಿಲು ಕೊಳ್ಳುವುದಾದರೆ

ತೋಟ ಇಲ್ಲದವರು, ಮಡಿಕೇರಿ, ಕುಶಾಲನಗರದ ಪೇಟೆ ಮನೆಯವರು ಇದ್ದಿಲನ್ನೇ ಕೊಳ್ಳಬೇಕು. ತಪ್ಪೇನಿಲ್ಲ. ಒಂದು ಲೆಕ್ಕ ಮಾತ್ರ ಗೊತ್ತಿರಲಿ. ಹಳೇ ರೀತಿಯ ಗೂಡಿನಲ್ಲಿ ಒಂದು ಕಿಲೋ ಇದ್ದಿಲು ಆಗಲು ನಾಲ್ಕರಿಂದ ಆರು ಕಿಲೋ ಮರ ಬೇಕು. ಕಿಲೋಗೆ ಸಿಗುವ ಶಾಖ ಒಣ ಸೌದೆಗಿಂತ ಎರಡು ಪಟ್ಟಿನ ಹತ್ತಿರ, ಅಷ್ಟೇ. ಉಳಿದದ್ದು ಗೂಡಿನಲ್ಲೇ ಹೊಗೆಯಾಗಿ ಹೋಗಿರುತ್ತದೆ. ಹಾಗಾಗಿ ಇದ್ದಿಲಿನಲ್ಲಿ ಮೂಲದ ಪ್ರಶ್ನೆ ಸೌದೆಗಿಂತ ದೊಡ್ಡದು.

ನನ್ನ ಲೆಕ್ಕದಲ್ಲಿ ಎರಡು ಒಳ್ಳೇವು. ಒಂದು ತೆಂಗಿನ ಚಿಪ್ಪಿನ ಇದ್ದಿಲು. ಇದಕ್ಕೆ ಮರ ಕಡಿಯುವುದೇ ಇಲ್ಲ. ತಿಪಟೂರು ಕಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪು ಎಷ್ಟಿರುತ್ತದೆ ಯೋಚಿಸಿ. ಗಟ್ಟಿ ಕೆಂಡ, ಹೊಗೆ ಬಹಳ ಕಡಿಮೆ, ತುಂಬಾ ಹೊತ್ತು ಕಾವು. ಹತ್ತಿಕೊಳ್ಳಲು ಮಾತ್ರ ತಾಳ್ಮೆ ಬೇಕು. ಇನ್ನೊಂದು ಬಳ್ಳಾರಿ ಜಾಲಿಯ ಇದ್ದಿಲು. ಹೊರಗಿನಿಂದ ಬಂದು ಬಯಲುಸೀಮೆಯ ಕೆರೆ, ಗೋಮಾಳ ಎಲ್ಲ ಆವರಿಸಿಕೊಂಡ ಮುಳ್ಳು ಮರ ಅದು. ಕಡಿದಷ್ಟೂ ಚಿಗುರುತ್ತದೆ. ತಮಿಳುನಾಡಿನ ರಾಮನಾಥಪುರದ ಕಡೆ ಇದರ ಇದ್ದಿಲು ಸುಡುವುದೇ ಎಷ್ಟೋ ಜನರ ಜೀವನ. ಸರ್ವೆ ಮರದ ಇದ್ದಿಲು ಸಿಕ್ಕರೆ ಅದೂ ಒಳ್ಳೇದೇ. ನೆಟ್ಟು ಕೆಲವೇ ವರ್ಷಕ್ಕೆ ಕಡಿಯುವ ಬೆಳೆ ಅದು, ಸೌದೆಯಾಗಿ ಅದನ್ನು ಮೀರಿಸುವ ಮರ ಕಡಿಮೆ.

ಅಂಗಡಿಯಲ್ಲಿ "ಇದು ಯಾವ ಮರದ್ದು, ಯಾವ ಊರಿಂದ ಬಂತು?" ಅಂತ ಕೇಳಿ. ಉತ್ತರ ಬರದಿದ್ದರೆ ಚಿಪ್ಪಿನದ್ದು ಕೊಳ್ಳಿ. ನಾನು ಒಮ್ಮೆ ಕೇಳದೆ ತಂದ ಮೂಟೆಯ ತಳದಲ್ಲಿ ಕಾಲು ಭಾಗ ಪುಡಿ, ನಡುವೆ ಅರ್ಧ ಸುಟ್ಟ ಮರದ ತುಂಡುಗಳು. ಅವುಗಳಲ್ಲಿ ಒಂದರ ಒಳಗೆ ಕಡು ನೇರಳೆ–ಕಂದು ಬಣ್ಣದ ಎಳೆ ಕಂಡಿತು. ಬೀಟೆಯೇ ಅಂತ ನನ್ನ ಮನಸ್ಸು ಹೇಳಿತು. ಅವತ್ತು ಆ ಮೂಟೆಯಿಂದ ಬೆಂಕಿ ಹಾಕಲು ಕೈ ಬರಲಿಲ್ಲ.

ಉಂಡೆ ಮಾಡಿದ ಇದ್ದಿಲು ಒಂದೇ ಸಮ ಉರಿಯುತ್ತದೆ, ಬೂದಿ ಜಾಸ್ತಿ. ಬೆಂಕಿಕಡ್ಡಿ ಗೀರಿದೊಡನೆ ಹತ್ತುತ್ತದೆ ಅನ್ನುವವುಗಳಲ್ಲಿ ಎಣ್ಣೆ ಸೇರಿಸಿರುತ್ತಾರೆ. ಅವು ಬೇಡ.

ಇವುಗಳ ತಂಟೆ ಬೇಡ

ಬೀಟೆ, ತೇಗ, ಹೊನ್ನೆ, ಮತ್ತಿ, ನಂದಿ – ಸ್ವಂತ ಜಮೀನಿನಲ್ಲಿದ್ದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕೊಡಗಿನಲ್ಲಿ ಜಮ್ಮಾ ಬಾಣೆ (ವಂಶಪಾರಂಪರ್ಯದ ಜಮೀನು), ರಿಡೀಮ್ಡ್ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿದ್ದು), ಅನ್‌ರಿಡೀಮ್ಡ್ (ಕಟ್ಟದ್ದು) ಅಂತ ಜಮೀನಿನ ಬಗೆಯ ಮೇಲೆ ಮರದ ಹಕ್ಕೂ ಬದಲಾಗುತ್ತದೆ. ಗಾಳಿಗೆ ಬಿದ್ದ ಮರವಾದರೂ ಕೇಳಿಯೇ ಮುಟ್ಟಿ.

ನಮ್ಮ ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿಂದ ಒಣಕಡ್ಡಿಯೂ ತರಬಾರದು ಅಂತ ಹಿರಿಯರು ಹೇಳಿದ್ದು ಇವತ್ತಿಗೂ ಸರಿ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಕಾಡುಗಳಲ್ಲಿ ಬಿದ್ದ ಸೌದೆ ಎತ್ತಿಕೊಂಡು ಬರುವುದೂ ಕಾನೂನಿಗೆ ವಿರುದ್ಧ. ತೋಟದೊಳಗೆ ನಿಂತು ಒಣಗಿದ ಮರ ಕಂಡರೆ "ಒಳ್ಳೆ ಸೌದೆ" ಅನಿಸುತ್ತದೆ. ಮೇಲೆ ತೂತು ಇದೆಯಾ ನೋಡಿ. ಕುಟ್ರುಹಕ್ಕಿ, ಮರಕುಟಿಗ ಮನೆ ಮಾಡುವುದು ಇಂಥ ಮರದಲ್ಲೇ. ಯಾರ ತಲೆ ಮೇಲೂ ಬೀಳುವ ಹಾಗಿಲ್ಲದಿದ್ದರೆ ಬಿಟ್ಟುಬಿಡಿ.

ಆರೋಗ್ಯಕ್ಕೆ ಕೆಟ್ಟವೂ ಇವೆ. ಚೇರೆ ಮರದ ಸೊನೆ ತಾಗಿದರೆ ಮೈ ಊದಿಕೊಳ್ಳುತ್ತದೆ, ಹೊಗೆಯೂ ಬೇಡ. ಕಣಗಿಲೆ ಕಡ್ಡಿಗೆ ಮಾಂಸ ಚುಚ್ಚಿ ಸುಡುವುದಂತೂ ಪ್ರಾಣಕ್ಕೇ ಅಪಾಯ, ಇಡೀ ಗಿಡವೇ ವಿಷ. ಬಣ್ಣ ಬಳಿದ ಹಲಗೆ, ಔಷಧ ಹಾಕಿದ ಬೇಲಿ ಕಂಬ, ಹಳೇ ಪೀಠೋಪಕರಣ ಯಾವುದೂ ಬೇಡ. ಪೀಠೋಪಕರಣಕ್ಕೆ ಬಳಸುವ ರಬ್ಬರ್ ಮರಕ್ಕೆ ಹುಳು ಹಿಡಿಯದಂತೆ ಔಷಧ ಕುಡಿಸಿರುತ್ತಾರೆ. ತೋಟದಿಂದ ನೇರ ಬಂದ ಒಣ ರಬ್ಬರ್ ಸೌದೆ ಪರವಾಗಿಲ್ಲ, ಬಡಗಿ ಅಂಗಡಿಯ ಚೂರು ಬೇಡ. ನೀಲಗಿರಿ ಗಟ್ಟಿ ಕೆಂಡ ಕೊಡುತ್ತದೆ, ಆದರೆ ಪೂರ್ತಿ ಕೆಂಡವಾಗುವವರೆಗೆ ಅದರ ವಾಸನೆ ಮಾಂಸಕ್ಕೆ ಹಿಡಿಯುತ್ತದೆ. ನನಗೆ ಅದು ಸೇರುವುದಿಲ್ಲ.

ಒಣಗಿದೆಯಾ ಇಲ್ಲವಾ

ಒಂದು ಜುಲೈ ಸಂಜೆ ನೆಂಟರು ಬಂದಿದ್ದರು. ಎರಡು ತಿಂಗಳ ಹಿಂದೆ ಕಡಿದ ಸಿಲ್ವರ್ ಓಕ್ ಇತ್ತು, ಮೇಲೆ ನೋಡಲು ಒಣಗಿದ ಹಾಗೇ ಇತ್ತು. ಶೀಟಿನ ಕೆಳಗೆ ಗ್ರಿಲ್ ಇಟ್ಟು ಹಚ್ಚಿದೆ. ತೋಟದ ಕೆಲಸಕ್ಕೆ ಬರುವ ಅಕ್ಕ ಆ ಕಡೆ ಹೋಗುವಾಗ ಒಂದು ತುಂಡನ್ನು ಬೆರಳಲ್ಲಿ ತೋರಿಸಿ, "ಅಣ್ಣಾ, ಇದು ಇನ್ನೂ ಅಳ್ತಾ ಇದೆ" ಅಂದರು. ಬಗ್ಗಿ ನೋಡಿದೆ. ತುಂಡಿನ ತುದಿಯಲ್ಲಿ ಸಣ್ಣ ನೊರೆ ಗುಳ್ಳೆ ಗುಳ್ಳೆಯಾಗಿ ಬರುತ್ತಿತ್ತು, ಸುಯ್ ಅಂತ ಸದ್ದು. ಅವತ್ತು ಮಾಂಸದ ಮೇಲೆ ಕಂದು ಜಿಡ್ಡು ಕೂತು ಬಾಯಿಗೆ ಇಡಲಾರದಷ್ಟು ಕಹಿಯಾಯಿತು. ಮಾಂಸ ತೊಳೆದು ಬಾಣಲೆಯಲ್ಲಿ ಹುರಿದು ಬಡಿಸಿದೆವು.

ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ. ಗ್ರಿಲ್‌ಗೆ ಬೇಕಾದದ್ದು ಶೇಕಡಾ 20ಕ್ಕಿಂತ ಕಡಿಮೆ. ಹಸಿ ಸೌದೆ ಹಾಕಿದರೆ ಬೆಂಕಿಯ ಶಕ್ತಿಯೆಲ್ಲ ಆ ನೀರನ್ನು ಆವಿ ಮಾಡುವುದರಲ್ಲೇ ಹೋಗುತ್ತದೆ, ತಣ್ಣನೆ ಬೆಂಕಿಯಿಂದ ದಟ್ಟ ಹೊಗೆ ಏಳುತ್ತದೆ.

ನೋಡುವ ಬಗೆ ಸುಲಭ. ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿಯಿದ್ದರೆ ದಪ್ ಅನ್ನುತ್ತದೆ. ತುದಿಯಲ್ಲಿ ನಡುವಿನಿಂದ ಹೊರಕ್ಕೆ ಸೀಳು ಬಿಟ್ಟಿರಬೇಕು. ಸಿಪ್ಪೆ ಉಗುರಿಗೆ ಸುಲಭವಾಗಿ ಏಳಬೇಕು. ನಾನು ಮಾಡುವುದು ಇನ್ನೂ ಒಂದಿದೆ. ಒಂದು ತುಂಡಿಗೆ ಗುರುತು ಹಾಕಿ ಅಡುಗೆಮನೆಯ ತಕ್ಕಡಿಯಲ್ಲಿ ಹದಿನೈದು ದಿನಕ್ಕೊಮ್ಮೆ ತೂಗುತ್ತೇನೆ. ಬೇಸಿಗೆಯಲ್ಲಿ ತೂಕ ಇಳಿಯುವುದು ನಿಂತರೆ ಒಣಗಿತು ಅಂತ ಅರ್ಥ.

ಸೌದೆ ಕೊಟ್ಟಿಗೆಯ ನೆಲಕ್ಕೆ ಎರಡು ಅಡ್ಡ ಮರ ಹಾಕಿ ಅದರ ಮೇಲೆ ಜೋಡಿಸಿ. ಮೇಲೆ ಶೀಟು, ಸುತ್ತ ಗಾಳಿ. ಟಾರ್ಪಾಲಿನಲ್ಲಿ ಪೂರ್ತಿ ಸುತ್ತಿದರೆ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಒಣಗಿದ ಸೌದೆಯೂ ಗಾಳಿಯ ತೇವ ಹೀರುತ್ತದೆ. ಒಲೆಯ ಮೇಲಿನ ಅಟ್ಟ ಇನ್ನೂ ಇರುವ ಮನೆಯವರು ಎರಡು ದಿನ ಮುಂಚೆ ಅಲ್ಲಿಗೆ ಏರಿಸಿಡಿ.

ಹಬ್ಬದ ಲೆಕ್ಕದಲ್ಲಿ ಹೇಳುವುದಾದರೆ, ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಹೊತ್ತಿಗೆ ನಾನು ಚಿಪ್ಪಿನ ಇದ್ದಿಲೇ ಬಳಸುತ್ತೇನೆ. ಆ ತೇವದಲ್ಲಿ ಸೌದೆ ನಂಬುವ ಹಾಗಿಲ್ಲ. ನವೆಂಬರ್–ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿ ಬರುವಾಗ ಮಾರ್ಚ್‌ನ ಕಾಫಿ ಸೌದೆ ಸರಿಯಾದ ಹದಕ್ಕೆ ಬಂದಿರುತ್ತದೆ. ಅಲ್ಲಿಂದ ಏಪ್ರಿಲ್‌ವರೆಗೆ ಅದೇ.

ಕೆಂಡವಾದ ಮೇಲೆ

ಹತ್ತು ಜನಕ್ಕೆ ಮೂರು ಕಿಲೋ ಮಾಂಸ ಅಂದರೆ ನಮಗೆ ಒಣ ಕಾಫಿ ಸೌದೆ ಎಂಟರಿಂದ ಹತ್ತು ಕಿಲೋ ಬೇಕಾಗುತ್ತದೆ, ಇದ್ದಿಲಾದರೆ ಎರಡೂವರೆ, ಮೂರು ಕಿಲೋ. ಸೌದೆ ಹಚ್ಚಿ ಮುಕ್ಕಾಲು ಗಂಟೆ ಕಾಯಿರಿ. ಉರಿ ಇಳಿದು ಕೆಂಡದ ಮೇಲೆ ಬಿಳಿ ಬೂದಿ ತೆಳುವಾಗಿ ಕೂತಾಗ ಜಾಲರಿ ಇಡಿ. ಜಾಲರಿಯ ಒಂದು ಗೇಣು ಮೇಲೆ ಅಂಗೈ ಹಿಡಿಯಿರಿ. ಎರಡು ಮೂರು ಸೆಕೆಂಡಿಗೇ ತೆಗೆಯಬೇಕು ಅನಿಸಿದರೆ ಮೀನಿಗೆ, ತೆಳು ತುಂಡಿಗೆ ಸರಿ. ಐದಾರು ಸೆಕೆಂಡು ತಡೆಯಲು ಆದರೆ ಕೋಳಿ ಕಾಲಿಗೆ, ಹಂದಿಯ ದಪ್ಪ ತುಂಡಿಗೆ ಸರಿ. ಹಂದಿ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದರೆ ಉರಿ ಭಗ್ ಅಂತ ಏಳುತ್ತದೆ. ಅದಕ್ಕೆ ಕೆಂಡವನ್ನು ಒಂದು ಬದಿಗೆ ಸರಿಸಿ ಕೊಬ್ಬಿನ ತುಂಡನ್ನು ಇನ್ನೊಂದು ಬದಿಗೆ ಇಡುತ್ತೇವೆ.

ಡಿಸೆಂಬರ್ ಚಳಿಗೆ ಉಳಿದ ಕೆಂಡವನ್ನು ಬಾಂಡಲಿಯಲ್ಲಿ ತುಂಬಿ ಮಲಗುವ ಕೋಣೆಗೆ ಒಯ್ಯುವವರಿದ್ದಾರೆ. ದಯವಿಟ್ಟು ಬೇಡ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಹೋಂಸ್ಟೇಯವರು ಅತಿಥಿಗಳಿಗೆ ಇದನ್ನು ಬಾಯಿಬಿಟ್ಟು ಹೇಳಿ.

ಫೆಬ್ರವರಿ ಕಳೆದ ಮೇಲೆ ತೋಟದ ನೆಲವೆಲ್ಲ ಒಣ ಎಲೆ. ಗ್ರಿಲ್ ಸುತ್ತ ಆರಡಿ ಗುಡಿಸಿ, ಎರಡು ಬಕೆಟ್ ನೀರು ಪಕ್ಕದಲ್ಲಿಡಿ. ಗಾಳಿ ಜೋರಿದ್ದ ದಿನ ಗ್ರಿಲ್ ಹಾಕಲೇಬೇಡಿ. ರಾತ್ರಿ ನೀರು ಹಾಕಿ ಕಡ್ಡಿಯಲ್ಲಿ ಕೆದಕಿ, ಮತ್ತೆ ನೀರು ಹಾಕಿ. ಬೂದಿಯನ್ನು ಒಂದು ದಿನ ಪೂರ್ತಿ ತಗಡಿನ ಡಬ್ಬದಲ್ಲಿ ಇಟ್ಟು, ಹತ್ತಿರ ಕೈ ಹಿಡಿದಾಗ ಬಿಸಿ ಇಲ್ಲ ಅಂತ ಖಾತ್ರಿಯಾದ ಮೇಲೆ ಬುಟ್ಟಿಗೆ ಸುರಿಯಿರಿ. ಶುದ್ಧ ಸೌದೆಯ ಬೂದಿ ನಮ್ಮ ಹುಳಿ ಮಣ್ಣಿಗೆ ಒಳ್ಳೇದು. ಗಿಡದ ಬುಡದಿಂದ ಒಂದಡಿ ಬಿಟ್ಟು, ಒಂದು ಹಿಡಿಯಷ್ಟು ಮಾತ್ರ ಎರಚಿ.